ಬೆಲ್ಟು ಬಿಗಿದ ಕೈ

ನನ್ನ ಹೊಲಿಗೆ ಅಂಗಡಿಯ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಮೇಸ್ತ್ರಿಯ ಗ್ಯಾರೇಜು. ಮೆಷಿನ್ನಿನ ಮುಂದೆ ಕೂತು ತಲೆ ಎತ್ತಿದರೆ ಮೊದಲು ಕಣ್ಣಿಗೆ ಬೀಳುವುದೇ ಅದರ ಶಟರು. ಮುಂದುಗಡೆ ಎಣ್ಣೆ ಕುಡಿದು ಕಪ್ಪಾದ ಸಿಮೆಂಟಿನ ನೆಲ, ಒಳಗೆ ಎರಡು ಕಾರು ಹಿಡಿಸುವಷ್ಟು ಜಾಗ, ಹಿಂದಿನ ಗೋಡೆಯಲ್ಲೊಂದು ಬಾಗಿಲು. ಆ ಬಾಗಿಲು ತೆಗೆದರೆ ಅವರ ಅಡುಗೆಮನೆ. ಹಾಲಿನ ಪಾತ್ರೆಯ ಮುಚ್ಚಳ ಸ್ವಲ್ಪ ಸರಿದರೂ ಸಾಕು, ಹಾಲಿಗೆ ಪೆಟ್ರೋಲಿನ ವಾಸನೆ ಅಂಟಿಕೊಳ್ಳುತ್ತದೆ ಎಂದು ಮೇಸ್ತ್ರಿಯ ಹೆಂಡತಿ ಹೇಳುತ್ತಿದ್ದಳು.

ನಾನು ಹೇಳಹೊರಟಿರುವುದು ಅವಳ ಸಂಗತಿ. ಬೀದಿಯಲ್ಲಿ ಎಲ್ಲರ ಬಾಯಲ್ಲೂ ಅವಳು ‘ಮೇಸ್ತ್ರಿ ಹೆಂಡತಿ’. ನನಗೆ ಅಕ್ಕ. ಒಡಹುಟ್ಟಿದವಳಲ್ಲ, ಆದರೂ ನಾನು ಅಂಗಡಿ ಹಾಕಿದ ಹೊಸದರಲ್ಲಿ ಕುಡಿಯುವ ನೀರಿನಿಂದ ಹಿಡಿದು ಮಧ್ಯಾಹ್ನ ಕಾಲು ಚಾಚಿಕೊಳ್ಳಲು ಚಾಪೆಯವರೆಗೆ ಎಲ್ಲವನ್ನೂ ಕೊಟ್ಟವಳು.

ಮದುವೆಯಾಗಿ ಬಂದಾಗ ಅಕ್ಕನಿಗೆ ಗಾಡಿಗಳ ಗಂಧಗಾಳಿಯೂ ಇರಲಿಲ್ಲ. “ಆಯಿಲ್ ಬೇರೆ ಪೆಟ್ರೋಲ್ ಬೇರೆ ಅಂತಾನೂ ಗೊತ್ತಿರಲಿಲ್ಲ ಕಣೇ ನಂಗೆ, ಎರಡನ್ನೂ ಒಂದೇ ತೂತಿಗೆ ಸುರೀತಾರೆ ಅಂದ್ಕೊಂಡಿದ್ದೆ” ಎಂದು ಹೇಳಿಕೊಂಡು ತಾನೇ ನಗುತ್ತಿದ್ದಳು. ಅವಳಿಗೆ ಕಲಿಸಿದವರು ಮೇಸ್ತ್ರಿಯೇ. ಆಗ ಅವರು ಒಳ್ಳೆಯ ಕೆಲಸಗಾರರು, ಅದರಲ್ಲಿ ಎರಡು ಮಾತಿಲ್ಲ. ಟೀ ತಂದುಕೊಡಲು ಬಂದ ಹೆಂಡತಿಯನ್ನು ನಿಲ್ಲಿಸಿಕೊಂಡು, ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಓಡುತ್ತಿರುವ ಎಂಜಿನ್ನಿಗೆ ಒತ್ತಿಹಿಡಿದು, “ಹಿಡಿಗೆ ಕಿವಿ ಇಡು, ಇಡು. ಕೇಳಿಸ್ತಾ? ಅದು ಬೇರಿಂಗು ಅಳ್ತಿರೋದು” ಎನ್ನುತ್ತಿದ್ದರಂತೆ. ಟೀ ಆರಿ ತಣ್ಣಗಾಗುತ್ತಿತ್ತು. ಗಂಡ ತನ್ನೊಂದಿಗೆ ಕೂತು ಮಾತಾಡಲಿ ಎಂದು ಬಯಸುವ ಹೊಸ ಹುಡುಗಿಗೆ ಬೇರಿಂಗಿನ ಅಳುವಾದರೂ ಸರಿಯೇ. ಹಾಗೆ ಕೇಳುತ್ತ ಕೇಳುತ್ತ ಅಕ್ಕ ಅರ್ಧ ಕೆಲಸ ಕಲಿತಳು. ಉಳಿದರ್ಧವನ್ನು ಅನಿವಾರ್ಯತೆ ಕಲಿಸಿತು.

ಮೇಸ್ತ್ರಿಯ ಬೆರಳುಗಳು ಜೋಮು ಹಿಡಿಯತೊಡಗಿದ್ದು ಮಗಳು ಇನ್ನೂ ಶಾಲೆಗೆ ಹೋಗುತ್ತಿದ್ದಾಗ. ಮೊದಮೊದಲು ಬೆಳಿಗ್ಗೆ ಎದ್ದಾಗ ಮಾತ್ರ, ಆಮೇಲೆ ದಿನವಿಡೀ. ಕತ್ತಿನ ಹತ್ತಿರ ನರ ಒತ್ತಿಕೊಂಡಿದೆ ಎಂದರು ಡಾಕ್ಟರು. ಆಪರೇಷನ್ ಮಾಡಿದರೆ ಸರಿಹೋದರೂ ಹೋಗಬಹುದು, ಹೋಗದೆಯೂ ಇರಬಹುದು ಎಂದರು. ಮೇಸ್ತ್ರಿ ಆ ಕಡೆ ತಿರುಗಿಯೂ ನೋಡಲಿಲ್ಲ. ಕೈಯಲ್ಲಿ ಬಲವೇನೋ ಇತ್ತು, ಹಿಡಿದದ್ದನ್ನು ಹಿಡಿಯುತ್ತಿದ್ದರು. ಆದರೆ ಏನು ಹಿಡಿದಿದ್ದೇನೆ, ಎಷ್ಟು ಬಿಗಿಯಾಯಿತು ಎಂಬುದು ಬೆರಳಿಗೆ ತಿಳಿಯುತ್ತಿರಲಿಲ್ಲ. ನಟ್ಟು ಕೈಯಿಂದ ಜಾರಿ ಎಂಜಿನ್ನಿನ ಸಂದಿಗೆ ಬಿದ್ದರೂ ಅವರ ಬೆರಳುಗಳು ಇನ್ನೂ ಅದನ್ನು ತಿರುಗಿಸುತ್ತಲೇ ಇರುತ್ತಿದ್ದವು.

“ಏ, ಬಾ ಇಲ್ಲಿ. ಇದನ್ನ ಸ್ವಲ್ಪ ಕೂರಿಸು” ಎಂದು ಒಂದು ದಿನ ಕರೆದರು. ಅವಳು ಕೂರಿಸಿದಳು. ಮರುದಿನ ಇನ್ನೊಂದು. ಹೀಗೆ ಶುರುವಾದದ್ದು, ನೋಡನೋಡುತ್ತಿದ್ದಂತೆ ಇಡೀ ಗ್ಯಾರೇಜಿನ ಕೆಲಸ ಅಕ್ಕನ ಕೈಗೆ ಬಂತು. ಬ್ರೇಕು, ಕ್ಲಚ್ಚು, ಗೇರ್‌ಬಾಕ್ಸು, ಎಲ್ಲ.

ಆದರೆ ಅದು ಹೊರಗೆ ಗೊತ್ತಾಗಬಾರದು. ಶಟರನ್ನು ಮೊಣಕಾಲಿನಷ್ಟು ಎತ್ತರಕ್ಕೆ ಬಿಟ್ಟು ಉಳಿದದ್ದನ್ನು ಇಳಿಸಿಡುತ್ತಿದ್ದರು. ಮೇಸ್ತ್ರಿ ಹೊರಗೆ ಕುರ್ಚಿ ಹಾಕಿಕೊಂಡು ಕೂತು ಬಂದವರೊಡನೆ ಮಾತಾಡುತ್ತಿದ್ದರು. ಒಳಗೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಅಕ್ಕ ಬೆವರು ಸುರಿಸುತ್ತಿದ್ದಳು. ಗಾಡಿಯವರು ಬಂದ ಸದ್ದಾದರೆ ಅವಳು ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಮಾಯ. ಮೇಸ್ತ್ರಿ ಒಳಗೆ ಹೋಗಿ, ಗ್ರೀಸಿನ ಡಬ್ಬಿಗೆ ಎರಡೂ ಕೈ ಅದ್ದಿ, ಹಳೇ ಬಟ್ಟೆಯಲ್ಲಿ ಒರೆಸಿಕೊಳ್ಳುತ್ತ ಹೊರಗೆ ಬಂದು ಕಾರಿನ ಬೀಗದಕೈ ಕೊಡುತ್ತಿದ್ದರು. ನನ್ನ ಅಂಗಡಿಯಿಂದ, ಶಟರಿನ ಕೆಳಗಿನ ಸಂದಿಯಲ್ಲಿ, ಎಲ್ಲ ಕಾಣುತ್ತಿತ್ತು.

“ಯಾಕಕ್ಕಾ ಈ ಕಳ್ಳಾಟ? ಮಾಡೋಳು ನೀನು. ತಲೆ ಎತ್ತಿಕೊಂಡು ಮಾಡಬಾರ್ದಾ?” ಎಂದು ನಾನು ಕೇಳಿದ್ದೆ.

“ಅವರ ಕೈ ಹೋಗಿದೆ ಕಣೇ. ಮಾನಾನೂ ಹೋದ್ರೆ ಅವರಿಗೆ ಇನ್ನೇನು ಉಳಿಯತ್ತೆ?”

ಆ ಮಾತನ್ನು ಅವಳು ಮನಸ್ಸಿನಿಂದಲೇ ಆಡಿದ್ದಳು. ಆಗಿನ್ನೂ ಇಬ್ಬರ ನಡುವೆ ಅದೊಂದು ಒಳಗುಟ್ಟಿನ ಹಾಗೆ ಇತ್ತು. ಗಿರಾಕಿ ಹೋದ ಮೇಲೆ ಮೇಸ್ತ್ರಿ ಅವಳತ್ತ ನೋಡಿ ಕಣ್ಣು ಮಿಟುಕಿಸುತ್ತಿದ್ದರಂತೆ. ಆದರೆ ಸುಳ್ಳನ್ನು ದಿನವೂ ಆಡುತ್ತಿದ್ದರೆ ಆಡುವವನಿಗೇ ಅದು ನಿಜವಾಗಿಬಿಡುತ್ತದೆಯೋ ಏನೋ. ಕಣ್ಣು ಮಿಟುಕಿಸುವುದು ನಿಂತಿತು. “ಇವಳಿಗೇನು ಗೊತ್ತು ಸಾರ್, ಸ್ಪ್ಯಾನರ್ ಎತ್ತಿಕೊಡ್ತಾಳೆ ಅಷ್ಟೆ” ಎಂದು ಅವಳೆದುರೇ ಜನರಿಗೆ ಹೇಳತೊಡಗಿದರು. ಕೊನೆಗೊಂದು ದಿನ ಊಟಕ್ಕೆ ಕೂತಾಗ, ಮೂರನೆಯವರು ಯಾರೂ ಇಲ್ಲದಾಗ, ಹೆಂಡತಿಗೇ ಹೇಳಿದರಂತೆ: “ಆ ಬ್ಯಾಂಕಿನವರ ಕ್ಲಚ್ಚು ಹೇಗೆ ಕೂರಿಸಿದೆ ನೋಡಿದ್ಯಾ? ಬೆಣ್ಣೆ ಥರ.”

“ನೀನು ಏನಂದೆ?” ಎಂದು ಕೇಳಿದೆ.

“ಏನನ್ಲಿ? ಇನ್ನೂ ಸ್ವಲ್ಪ ಅನ್ನ ಹಾಕ್ಲಾ ಅಂದೆ.”

ಅವರಿಗೆ ಒಬ್ಬಳೇ ಮಗಳು. ಅವಳಿಗೆ ಅಪ್ಪ ಎಂದರೆ ಪ್ರಾಣ, ಅಪ್ಪನಿಗೂ ಅವಳನ್ನು ಕಂಡರೆ ಹಾಗೆಯೇ. ಅಕ್ಕನನ್ನು ಕಂಡರೆ ಮಾತ್ರ ಒಂದಲ್ಲ ಒಂದು ಕೊಂಕು. “ಉಗುರು ನೋಡ್ಕೋ ಅಮ್ಮಾ, ಹೇಗಾಗಿದೆ. ನನ್ನ ಫ್ರೆಂಡ್ಸ್ ಬರ್ತಾರೆ ಅಂದ್ರೂ ಕೈ ತೊಳ್ಕೊಳ್ಳೋಕಾಗಲ್ವಾ? ಅಪ್ಪ ಇಡೀ ದಿನ ಗಾಡಿ ಕೆಲಸ ಮಾಡಿದ್ರೂ ಎಷ್ಟು ಕ್ಲೀನಾಗಿರ್ತಾರೆ!” ಇದನ್ನು ನಾನು ಕಿವಿಯಾರೆ ಕೇಳಿದ್ದೇನೆ. ಅಕ್ಕ ಸೋಪು ಹಿಡಿದು ನಲ್ಲಿಯ ಹತ್ತಿರ ಹೋದಳು.

ಆ ಮಗಳು ಓದಿ ನರ್ಸಾದಳು. ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು, ಮದುವೆಯಾಯಿತು, ಊರಿನ ಇನ್ನೊಂದು ತುದಿಯಲ್ಲಿ ಮನೆ ಮಾಡಿದಳು. ಬೆಳಗಿನ ಪಾಳಿಗೆ ಹೋಗುವ ಹೊತ್ತಿಗೆ ಬಸ್ಸುಗಳಿರುವುದಿಲ್ಲವೆಂದು, ಅದೇ ಆಸ್ಪತ್ರೆಯಿಂದ ನಿವೃತ್ತರಾದ ಡಾಕ್ಟರೊಬ್ಬರ ಹಳೆಯ ಕಾರನ್ನು ಕೊಂಡಳು. ಬೂದು ಬಣ್ಣದ್ದು, ಅವಳ ಸಂಸಾರಕ್ಕಿಂತ ಹಿಂದಿನದು, ಆದರೂ ಗಟ್ಟಿ ಗಾಡಿ. ಒಂದು ದಿನ ಅವಳ ಫೋನು ಬಂತು. ಕಾರು ನಿಲ್ಲಿಸಿದ ಕಡೆ ಹಸಿರು ನೀರು ತೊಟ್ಟಿಕ್ಕುತ್ತಿದೆ, ಏರು ಹತ್ತಿಸಿದರೆ ಬಿಸಿ ತೋರಿಸುವ ಮುಳ್ಳು ಮೇಲಕ್ಕೆ ಹೋಗುತ್ತದೆ ಎಂದಳು.

“ತಂದು ಬಿಡು ಕಂದಾ, ಅಪ್ಪ ಇದ್ದೀನಲ್ಲ” ಎಂದರು ಮೇಸ್ತ್ರಿ.

ಕಾರು ಬಂತು. ಅಕ್ಕ ಅದರ ಕೆಳಗೆ ತೂರಿಕೊಂಡು ನೋಡಿದಳು. ಬೆಲ್ಟಿನ ಮುಚ್ಚಳದ ಸಂದಿಯಿಂದ ನೀರು ಇಳಿಯುತ್ತಿತ್ತು. ವಾಟರ್ ಪಂಪು ಹೋಗಿದೆ. ಆ ಕಾರಿನಲ್ಲಿ ಪಂಪು ಕೂತಿರುವುದು ಟೈಮಿಂಗ್ ಬೆಲ್ಟಿನ ಹಿಂದೆ. ಪಂಪನ್ನು ತಿರುಗಿಸುವುದೂ ಆ ಬೆಲ್ಟೇ. ಪಂಪು ಬಿಚ್ಚಬೇಕೆಂದರೆ ಬೆಲ್ಟು ಕಳಚಲೇಬೇಕು. ಕಳಚಿದ ಮೇಲೆ ಹಳೇ ಬೆಲ್ಟನ್ನೇ ಮತ್ತೆ ಹಾಕುವುದು ದಡ್ಡತನ, ಎರಡನ್ನೂ ಹೊಸದು ಹಾಕಬೇಕು.

ಆ ಬೆಲ್ಟು ಎಂಥದ್ದು ಎಂದು ಅಕ್ಕ ನನಗೆ ತಿಳಿಯುವ ಹಾಗೆ ಹೇಳಿದ್ದಳು. ಎಂಜಿನ್ನಿನ ಕೆಳಗೆ ಪಿಸ್ಟನ್ನುಗಳು ಏರಿಳಿಯುತ್ತವೆ, ಮೇಲೆ ವಾಲ್ವುಗಳು ತೆರೆದು ಮುಚ್ಚುತ್ತವೆ. ಒಂದು ಮೇಲೆ ಬರುವಾಗ ಇನ್ನೊಂದು ದಾರಿ ಬಿಟ್ಟು ಸರಿದಿರಬೇಕು. ಹಲ್ಲುಹಲ್ಲಿನ ಆ ರಬ್ಬರ್ ಪಟ್ಟಿ ಎರಡನ್ನೂ ಒಂದೇ ತಾಳಕ್ಕೆ ಕಟ್ಟಿಹಾಕುತ್ತದೆ. ಅದು ಸಡಿಲವಾಗಿ ಕೆಲವು ಹಲ್ಲು ಹಾರಿತೋ, ಪಿಸ್ಟನ್ನು ಹೋಗಿ ವಾಲ್ವಿಗೆ ಗುದ್ದುತ್ತದೆ. ವಾಲ್ವು ಸೊಟ್ಟಗಾಗುತ್ತದೆ, ಎಂಜಿನ್ನಿನ ತಲೆಯನ್ನೇ, ಅಂದರೆ ಹೆಡ್ಡನ್ನೇ, ಬಿಚ್ಚಬೇಕಾಗುತ್ತದೆ.

ಅಕ್ಕ ಆ ಕೆಲಸವನ್ನು ಎಷ್ಟು ಪ್ರೀತಿಯಿಂದ ಮಾಡಿದಳೆಂದರೆ, ಮಗಳಿಗೆ ಹೊಸ ಬಟ್ಟೆ ಹೊಲಿಯುತ್ತಿದ್ದಾಳೇನೋ ಅನ್ನಿಸುತ್ತಿತ್ತು. ಶಟರು ಇಳಿಸಿಕೊಂಡು, ಮುಂದಿನ ಒಂದು ಚಕ್ರ ತೆಗೆದು, ನೀರು ಬಸಿದು, ಮುಚ್ಚಳಗಳನ್ನು ಬಿಚ್ಚಿ ಸಾಲಾಗಿ ಜೋಡಿಸಿದ್ದಳು. ಮಗಳು ಮದುವೆಗೆ ಮುಂಚೆ ಬಿಟ್ಟುಹೋಗಿದ್ದ ಬಿಳಿ ನೇಲ್ ಪಾಲಿಶಿನಿಂದ ಮೇಲಿನ ಹಲ್ಲುಚಕ್ರಕ್ಕೂ ಕೆಳಗಿನದಕ್ಕೂ ಗುರುತು ಹಾಕಿಕೊಂಡಿದ್ದಳು. ನಾನು ಹೋದಾಗ ಹಳೇ ಪಂಪನ್ನು ಕೈಯಲ್ಲಿ ಹಿಡಿದು ಅದರ ನಡುವಿನ ದಂಡವನ್ನು ಅಲ್ಲಾಡಿಸಿ ತೋರಿಸಿದಳು. ಬಿದ್ದುಹೋಗುವ ಹಲ್ಲಿನ ಹಾಗೆ ಅದು ಲೊಡಲೊಡ ಎನ್ನುತ್ತಿತ್ತು.

“ಇನ್ನೊಂದು ವಾರ ಓಡಿಸಿದ್ರೆ ಇದು ಕಚ್ಕೊಂಡು ನಿಲ್ತಿತ್ತು. ಬೆಲ್ಟೂ ಹರಿದುಹೋಗ್ತಿತ್ತು. ಅದೂ ಬೆಳಗಿನ ಜಾವ, ಒಬ್ಬಳೇ ರಸ್ತೇಲಿ. ನೆನೆಸ್ಕೊಂಡ್ರೆ ಮೈ ಜುಮ್ ಅನ್ನತ್ತೆ” ಎಂದಳು.

ಪಂಪಿನ ಜಾಗದಲ್ಲಿ ಅಂಟಿಕೊಂಡಿದ್ದ, ಸೋರದಂತೆ ಸಂದಿಗೆ ಇಡುವ ಹಳೇ ಗ್ಯಾಸ್ಕೆಟ್ಟನ್ನು ಬ್ಲೇಡಿನಿಂದ ನವಿರಾಗಿ ಕೆರೆದು, ಹೊಸ ಪಂಪು ಕೂರಿಸಿ, ಹೊಸ ಬೆಲ್ಟು ಏರಿಸಿ, ಗುರುತಿಗೆ ಗುರುತು ಕೂಡಿಸಿದಳು. ಉಳಿದದ್ದು ಇಷ್ಟೇ: ಬೆಲ್ಟನ್ನು ಎಳೆದು ಹಿಡಿಯುವ ಟೆನ್ಷನರನ್ನು ಹದಕ್ಕೆ ತಂದು ಅದರ ಬೋಲ್ಟು ಬಿಗಿಯಬೇಕು. ಆಮೇಲೆ ಎಂಜಿನ್ನನ್ನು ಸ್ಪ್ಯಾನರ್ ಹಾಕಿ ಕೈಯಲ್ಲೇ ಎರಡು ಸುತ್ತು ತಿರುಗಿಸಿ ಗುರುತುಗಳು ಮತ್ತೆ ಕೂಡುತ್ತವೋ ಇಲ್ಲವೋ ನೋಡಬೇಕು. ಅಲ್ಲಿಯವರೆಗೆ ಕೀ ಮುಟ್ಟಬಾರದು.

ಅಷ್ಟರಲ್ಲಿ ಮಗಳು ಅಳಿಯ ಬಂದುಬಿಟ್ಟರು. ಸಂಜೆ ಬರುತ್ತೇವೆಂದಿದ್ದವರು ಬೆಳಿಗ್ಗೆಯೇ ಬಂದರು. ಮೇಸ್ತ್ರಿ ಗಡಬಡಿಸಿ ಎದ್ದು ಶಟರನ್ನು ಮೇಲಕ್ಕೆ ತಳ್ಳಿದರು. ಅಕ್ಕನಿಗೆ ಒಳಬಾಗಿಲಿನತ್ತ ಕೈ ತೋರಿಸಿದರು.

“ಹೋಗು, ಟೀ ಮಾಡ್ಕೊಂಡು ಬಾ.”

“ಟೆನ್ಷನರು ಇನ್ನೂ ಬಿಗಿ ಆಗಿಲ್ಲ ರೀ” ಎಂದಳು ಅಕ್ಕ, ಪಿಸುದನಿಯಲ್ಲಿ. “ಒಂದು ನಿಮಿಷ, ಮುಗಿಸಿ ಹೋಗ್ತೀನಿ.”

“ನಂಗೊತ್ತು. ನೀ ಹೋಗು.”

ಅವಳು ಹೋದಳು. ಮುಂದಿನದನ್ನು ನಾನು ನನ್ನ ಅಂಗಡಿಯಿಂದ ನೋಡಿದೆ. ಮೇಸ್ತ್ರಿ ತೋಳು ಮಡಿಸಿಕೊಂಡು ಎಂಜಿನ್ನಿನ ಮೇಲೆ ಬಾಗಿದರು. ಮಗಳು ಟಾರ್ಚು ಹಿಡಿದು ಅವರ ಪಕ್ಕದಲ್ಲೇ ನಿಂತಿದ್ದಳು. ಅಳಿಯ ಜೇಬಿನಲ್ಲಿ ಕೈ ಇಟ್ಟುಕೊಂಡು ಪಿಳಿಪಿಳಿ ನೋಡುತ್ತಿದ್ದ. “ನೋಡಿ ಅಳಿಯಂದ್ರೇ, ಇಡೀ ಎಂಜಿನ್ನಿನ ಜೀವ ಇಲ್ಲಿದೆ” ಎಂದು ಮೇಸ್ತ್ರಿ ಪಾಠ ಹೇಳುವುದು ರಸ್ತೆಯ ಈಚೆಗೂ ಕೇಳುತ್ತಿತ್ತು. ಸ್ಪ್ಯಾನರು ಒಮ್ಮೆ ಜಾರಿ ನೆಲಕ್ಕೆ ಬಿತ್ತು. ಮಗಳು ಬಗ್ಗಿ ಎತ್ತಿಕೊಟ್ಟಳು. ಮತ್ತೆ ಜಾರಿತು, ಮತ್ತೆ ಎತ್ತಿಕೊಟ್ಟಳು. ಮೇಸ್ತ್ರಿ ಏನೋ ತಮಾಷೆ ಮಾಡಿ ನಕ್ಕರು. ಆಮೇಲೆ ಮುಚ್ಚಳ ಕೂರಿಸಿ, ನೀರು ತುಂಬಿಸಿ, ಕೈ ಒರೆಸಿಕೊಂಡರು. ಎಂದಿನಂತೆ ಗ್ರೀಸಿನ ಡಬ್ಬಿಗೆ ಅದ್ದುವ ಅಗತ್ಯ ಅವತ್ತು ಬೀಳಲಿಲ್ಲ.

ಅಕ್ಕ ಟೀ ತಟ್ಟೆ ಹಿಡಿದು ಬಾಗಿಲಿಗೆ ಬಂದಳು. ಮುಚ್ಚಿದ ಮುಚ್ಚಳ ನೋಡಿದಳು.

“ಕೈಯಲ್ಲಿ ತಿರುಗಿಸಿ ನೋಡಿದ್ರಾ?”

“ಏನು?”

“ಎರಡು ಸುತ್ತು... ಕೀ ಹಾಕೋಕೆ ಮುಂಚೆ ಒಂದ್ಸಲ ತಿರುಗಿಸಿ ನೋಡೋಣ ರೀ.”

“ಕೇಳಿದ್ರಾ ಅಳಿಯಂದ್ರೇ, ಮೇಡಮ್ಮೋರು ನಂಗೆ ಕೆಲಸ ಹೇಳಿಕೊಡ್ತಾರೆ!” ಎಂದು ಮೇಸ್ತ್ರಿ ನಗುತ್ತ ಹೋಗಿ ಡ್ರೈವರ್ ಸೀಟಿನಲ್ಲಿ ಕೂತರು. ಅಕ್ಕ ತಟ್ಟೆ ಹಿಡಿದುಕೊಂಡೇ ಒಂದು ಹೆಜ್ಜೆ ಮುಂದೆ ಬಂದಳು. “ಬೇಡ, ತಡೀರಿ” ಎನ್ನುವಷ್ಟರಲ್ಲಿ ಕೀ ತಿರುಗಿತು.

ಎಂಜಿನ್ನು ಹಿಡಿಯಿತು. ಕಣ್ಣು ರೆಪ್ಪೆ ಬಡಿಯುವಷ್ಟು ಹೊತ್ತು ಚೆನ್ನಾಗಿಯೇ ಓಡಿತು. ಆಮೇಲೆ ತಗಡಿನ ಡಬ್ಬಕ್ಕೆ ಕಲ್ಲು ಹಾಕಿ ಕುಲುಕಿದ ಹಾಗೆ ಖಡಖಡ ಸದ್ದಾಗಿ ನಿಂತುಹೋಯಿತು. ಮೇಸ್ತ್ರಿ ಮತ್ತೆ ಕೀ ತಿರುಗಿಸಿದರು. ಈ ಸಲ ಸ್ಟಾರ್ಟರು ಯಾವ ಅಡ್ಡಿಯೂ ಇಲ್ಲದೆ ಸುಯ್ಯೆಂದು ಹಗುರವಾಗಿ ತಿರುಗಿತು. ವಾಲ್ವುಗಳು ಸೊಟ್ಟಗಾಗಿವೆ ಎಂಬ ಆ ಹಗುರ ಸದ್ದಿನ ಅರ್ಥ ಅಲ್ಲಿದ್ದವರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. 

ಮೇಸ್ತ್ರಿ ಕಾರಿನಿಂದ ಇಳಿದರು. ಮುಖ ಬಿಳಿಚಿಕೊಂಡಿತ್ತು. ಮಗಳನ್ನು ನೋಡಿದರು, ಅಳಿಯನನ್ನು ನೋಡಿದರು, ಆಮೇಲೆ ಹೆಂಡತಿಯತ್ತ ತಿರುಗಿದರು.

“ಬಡ್ಕೊಂಡೆ ನಾನು. ನೋಡ್ಕೊಂಡು ಬಿಗಿ ಮಾಡು, ನೋಡ್ಕೊಂಡು ಬಿಗಿ ಮಾಡು ಅಂತ ಬಡ್ಕೊಂಡೆ. ಒಂದು ಕೆಲಸ ನೆಟ್ಟಗೆ ಮಾಡಲ್ಲ ಇವಳು!”

ಅಕ್ಕ ಮಗಳ ಮುಖ ನೋಡಿದಳು. ಬಿಗಿದವರು ಯಾರೆಂದು ಟಾರ್ಚು ಹಿಡಿದು ನಿಂತಿದ್ದವಳಿಗೆ ಗೊತ್ತಿತ್ತಲ್ಲ. ಅವಳ ಬಾಯಿಂದ ಒಂದು ಮಾತು ಬರಬಹುದೆಂದು ಕಾದಳು. ನಾನೂ ಕತ್ತರಿ ಹಿಡಿದುಕೊಂಡು ಕಾದೆ.

“ನೀನ್ಯಾಕಮ್ಮಾ ಕೈ ಹಾಕೋಕೆ ಹೋದೆ?” ಎಂದಳು ಮಗಳು. “ಅಪ್ಪ ಮಾಡ್ತೀನಿ ಅಂದಿದ್ರಲ್ಲ? ಗೊತ್ತಿಲ್ಲದ ಕೆಲಸಕ್ಕೆ ಯಾಕೆ ಹೋಗ್ಬೇಕು? ನಾಳೆ ಬೆಳಿಗ್ಗೆ ಡ್ಯೂಟಿಗೆ ನಾನು ಹೇಗೆ ಹೋಗ್ಲಿ ಈಗ?”

ಅಕ್ಕ ಟೀ ತಟ್ಟೆಯನ್ನು ಬೆಂಚಿನ ಮೇಲಿಟ್ಟಳು. 

“ಸರಿ ಮಾಡಿಕೊಡ್ತೀನಿ ಕಣಮ್ಮಾ” ಎಂದಳು.

“ನೀನು ಬೇಡ. ಅಪ್ಪ ಮಾಡ್ಲಿ.”

ಅಳಿಯ ತಟ್ಟೆಯಿಂದ ಒಂದು ಲೋಟ ತೆಗೆದುಕೊಂಡು ಮೆಲ್ಲಗೆ ಟೀ ಕುಡಿದ. ಅವನೂ ಎಲ್ಲವನ್ನೂ ನೋಡಿದ್ದ. ಪಾಪ, ತನಗೆ ಸಂಬಂಧಿಸದ ವಿಷಯಕ್ಕೆ ಮೂಗು ತೂರಿಸದ ಒಳ್ಳೆಯ ಮನುಷ್ಯ. ಇಬ್ಬರೂ ಬಸ್ಸು ಹಿಡಿದು ಹೋದರು.

ಅವರು ಹೋದ ಮೇಲೆ ಅಕ್ಕ ಮುಚ್ಚಳ ಬಿಚ್ಚಿದಳು. ಬೆಲ್ಟು ತೊಗಲಿನ ಹಾಗೆ ಜೋತುಬಿದ್ದಿತ್ತು. ಟೆನ್ಷನರಿನ ಬೋಲ್ಟಿಗೆ ಸ್ಪ್ಯಾನರೇ ಬೇಕಾಗಲಿಲ್ಲ, ಎರಡು ಬೆರಳಿಗೇ ಬಿಚ್ಚಿಕೊಂಡು ಬಂತು. ಅದನ್ನು ಅಂಗೈಯಲ್ಲಿಟ್ಟುಕೊಂಡು ಒಳಗೆ ಹೋಗಿ ಗಂಡನ ಮುಂದೆ ಹಿಡಿದಳು. ಮಾತಿನಲ್ಲಿ ಕೋಪವಿರಲಿಲ್ಲವಂತೆ. “ಕೈಯಲ್ಲೇ ಬಂತು” ಎಂದಳು.

“ನೀನು ಸರಿಯಾಗಿ ಬಿಗಿ ಮಾಡಿರಲಿಲ್ಲ.”

“ರೀ, ಇಲ್ಲಿ ಯಾರೂ ಇಲ್ಲ. ನಾವಿಬ್ರೇ ಇರೋದು.”

“ಅದಕ್ಕೇನೀಗ? ನೀನೇ ಬಿಗಿದದ್ದು, ನೀನೇ ಹಾಳು ಮಾಡಿದ್ದು” ಎಂದು ಮೇಸ್ತ್ರಿ ಟೀವಿಯ ಸದ್ದು ಏರಿಸಿದರು.

ಅಕ್ಕ ನನಗೆ ಇದನ್ನು ಹೇಳಿದ್ದು ಎಷ್ಟೋ ದಿನಗಳಾದ ಮೇಲೆ, ಬಟನ್ನು ಹಚ್ಚುತ್ತಿದ್ದ ನನ್ನ ಪಕ್ಕ ಕೂತು. “ಎಲ್ಲರ ಮುಂದೆ ಹಾಗಂದಿದ್ದನ್ನ ಹೊಟ್ಟೆಗೆ ಹಾಕ್ಕೊಂಡಿದ್ದೆ ಕಣೇ. ಮಗಳ ಮುಂದೆ ಮುಖ ಉಳಿಸ್ಕೊಂಡ್ರು, ಹೋಗ್ಲಿ ಬಿಡು ಅಂದ್ಕೊಂಡಿದ್ದೆ. ನನ್ನೊಬ್ಬಳ ಹತ್ರ, ಹೌದು ಕಣೇ ನನ್ನ ಕೈ ಸೋತಿತು ಅಂದಿದ್ರೆ ಸಾಕಾಗಿತ್ತು. ಮರುದಿನಾನೂ ಶಟರು ಇಳಿಸ್ಕೊಂಡೇ ಕೂರ್ತಿದ್ದೆ.”

ಮರುದಿನ ಶಟರು ಪೂರ್ತಿ ಮೇಲಕ್ಕೆ ಹೋಯಿತು.

ನಾನು ಅಂಗಡಿ ತೆಗೆಯುವ ಹೊತ್ತಿಗೆ ಅಕ್ಕ ಆಗಲೇ ಕೆಲಸ ಹಚ್ಚಿಕೊಂಡಿದ್ದಳು. ಗಂಡನ ಹಳೇ ಅಂಗಿ ತೊಟ್ಟು, ಕೂದಲನ್ನು ಬಟ್ಟೆಯಿಂದ ಬಿಗಿದು, ಬಾನೆಟ್ಟಿನೊಳಗೆ ಅರ್ಧ ಮೈ ತೂರಿಸಿದ್ದಳು. ಬಿಸಿಲು ನೇರ ಅವಳ ಬೆನ್ನ ಮೇಲೆ ಬೀಳುತ್ತಿತ್ತು. ದಾರಿಹೋಕರು ನಡಿಗೆ ನಿಧಾನ ಮಾಡಿದರು. ಪೋಸ್ಟ್‌ಮ್ಯಾನ್ ಸೈಕಲ್ಲಿನಿಂದ ಇಳಿದೇಬಿಟ್ಟ. ಬ್ಯಾಂಕಿನ ಗುಮಾಸ್ತ, ಬೆಣ್ಣೆಯಂಥ ಕ್ಲಚ್ಚಿನವನು, ಬಂದು ನಿಂತು ಹುಬ್ಬೇರಿಸಿದ.

“ಏನಮ್ಮಾ, ಮೇಸ್ತ್ರಿ ಇವತ್ತು ರಜಾನಾ?”

“ಒಳಗಿದ್ದಾರೆ. ಏನಾಗ್ಬೇಕಿತ್ತು?”

“ಬ್ರೇಕು ಸ್ವಲ್ಪ ಕಿರ್ ಅಂತಿದೆ. ಅವರಿಗೇ ತೋರಿಸ್ತೀನಿ ಬಿಡಿ.”

“ಬ್ರೇಕು ಕೂರಿಸಿದ್ದು ನಾನು. ತೋರಿಸೋದಾದ್ರೆ ನಂಗೇ ತೋರಿಸ್ಬೇಕು” ಎಂದಳು ಅಕ್ಕ, ತಲೆ ಎತ್ತದೆ. ಗುಮಾಸ್ತ ಹಲ್ಲು ಕಿರಿದ, ತಮಾಷೆ ಎಂದುಕೊಂಡ. ಅದು ತಮಾಷೆಯಲ್ಲ ಎಂದು ಗೊತ್ತಾದಾಗ ಗಾಡಿ ತಿರುಗಿಸಿಕೊಂಡು ಹೋದ.

ಹಿಂದಿನ ಬಾಗಿಲಿನಿಂದ ಮೇಸ್ತ್ರಿಯ ದನಿ ಬಂತು. “ಶಟರು ಇಳ್ಸು.”

“ಗಾಳಿ ಬೇಕು ನಂಗೆ.”

“ಬೀದಿ ಜನ ಎಲ್ಲ ನೋಡ್ತಿದ್ದಾರೆ.”

“ನೋಡ್ಲಿ.”

ಮಗಳ ಕಾರಿನ ಹೆಡ್ಡು ಬಿಚ್ಚಿ, ವಾಲ್ವು ಬದಲಾಯಿಸಲು ಲೇತ್ ಅಂಗಡಿಗೆ ಕಳಿಸಿದಳು. ಅದು ವಾಪಸ್ ಬಂದಾಗ ಒಬ್ಬರ ಕೈಲಿ ಎತ್ತಿ ಕೂರಿಸಲಾಗದು, ಅಷ್ಟು ಭಾರ. ಮೇಸ್ತ್ರಿ ಒಳಗಿನಿಂದ ಹೊರಬರಲಿಲ್ಲ. ನಾನು ಅಂಗಡಿಗೆ ಬೀಗ ಹಾಕಿ ಹೋದೆ. ಇಬ್ಬರೂ ಹೆಡ್ಡಿನ ಎರಡು ತುದಿ ಹಿಡಿದು ನಿಂತಿದ್ದಾಗಲೇ ಮಗಳು ಬಂದಳು. ಆಸ್ಪತ್ರೆಯಿಂದ ನೇರ ಬಂದಿದ್ದಳು. ಯೂನಿಫಾರಮ್ಮು ಬದಲಿಸಿರಲಿಲ್ಲ, ಕಣ್ಣಿನ ಕೆಳಗೆ ಕಪ್ಪಾಗಿತ್ತು. ಕಾರಿಲ್ಲದ ದಿನಗಳಲ್ಲಿ ಬೆಳಗಿನ ಪಾಳಿಗೆ ಯಾರ ಯಾರದೋ ಗಾಡಿಯ ಹಿಂದೆ ಕೂತು ಹೋಗುತ್ತಿದ್ದಳಂತೆ.

“ಶಟರು ಯಾಕಮ್ಮಾ ತೆಗೆದಿಟ್ಟಿದ್ದೀಯಾ?”

 ನಾವು ಹೆಡ್ಡನ್ನು ಮೆಲ್ಲಗೆ ಬೆಂಚಿನ ಮೇಲಿಟ್ಟೆವು.

“ಅಪ್ಪ ಫೋನ್ ಮಾಡಿ ಅತ್ರು. ಗಂಡಸು, ಹೇಗೆ ಅತ್ರು ಗೊತ್ತಾ? ನಿಮ್ಮಮ್ಮ ನನ್ನ ಮಾನ ಬೀದಿಗೆ ಹಾಕಿದಳು ಅಂದ್ರು.”

“ಅವತ್ತು ಟಾರ್ಚು ಹಿಡಿದಿದ್ದು ನೀನು ತಾನೇ?” ಎಂದಳು ಅಕ್ಕ.

“ಹೂಂ.”

“ಬೋಲ್ಟು ಬಿಗಿದದ್ದು ಯಾರು ಅಂತ ನೋಡ್ಲಿಲ್ವಾ?”

ಮಗಳು ಒಳಬಾಗಿಲಿನತ್ತ ನೋಡಿ ದನಿ ತಗ್ಗಿಸಿದಳು. “ನೋಡಿದೆ. ಅಪ್ಪನ ಬೆರಳು ಅದರ ಮೇಲೆ ನಿಲ್ತಾನೇ ಇರಲಿಲ್ಲ. ನಾನು ನರ್ಸು ಅಮ್ಮಾ. ಸ್ಪರ್ಶ ಇಲ್ಲದ ಕೈ ಹೇಗಿರುತ್ತೆ ಅಂತ ನಂಗೆ ಗೊತ್ತಾಗಲ್ವಾ? ಇಲ್ಲಿ ಎಲ್ಲ ಮಾಡೋದು ನೀನೇ ಅಂತಾನೂ ಯಾವಾಗಿಂದಲೋ ಗೊತ್ತು.”

ಅಕ್ಕ ಕೈ ಒರೆಸಿಕೊಳ್ಳುತ್ತಿದ್ದವಳು ನಿಲ್ಲಿಸಿದಳು.

“ಗೊತ್ತಿದ್ದೂ ನನ್ನನ್ನ ಬೈದ್ಯಾ?”

“ಆವಾಗ ನಾನು ಅಪ್ಪಂಗೆ ಎದುರು ಹೇಳಿದ್ರೆ ಅವರು ಕುಸಿದುಹೋಗ್ತಿದ್ರು. ನೀನು ತಡ್ಕೋತೀಯಾ ಅಮ್ಮಾ. ಅಪ್ಪಂಗೆ ಆಗಲ್ಲ.”

ಅವಳು ಅದನ್ನು ಕೊಂಕಿನಿಂದ ಹೇಳಲಿಲ್ಲ. ಮೆಚ್ಚಿ ಹೇಳುವ ಹಾಗೆಯೇ ಹೇಳಿದಳು. ಎರಡು ರೋಗಿಗಳಲ್ಲಿ ಯಾರನ್ನು ಮೊದಲು ನೋಡಬೇಕೆಂದು ತೀರ್ಮಾನಿಸುವ ದನಿ ಅದು. ಆಮೇಲೆ ತಾಯಿಯ ಭುಜ ಮುಟ್ಟಿ, “ಶಟರು ಸ್ವಲ್ಪ ಇಳಿಸ್ಕೊಂಡು ಮಾಡಮ್ಮಾ. ಅಷ್ಟು ಮಾಡು, ಸಾಕು” ಎಂದಳು.

ಅಕ್ಕ ನನ್ನ ಕಡೆ ತಿರುಗಿದಳು. “ನೀನು ಆ ತುದಿ ಹಿಡ್ಕೋ. ಗ್ಯಾಸ್ಕೆಟ್ಟು ಅಲುಗಬಾರ್ದು, ಹುಷಾರು.”

ನಾವು ಹೆಡ್ಡು ಎತ್ತಿ ಕೂರಿಸಿದೆವು. ಮಗಳು ಒಳಗೆ ಹೋದಳು. ಅಕ್ಕ ಬೋಲ್ಟುಗಳನ್ನು ನಡುವಿನಿಂದ ಹೊರಕ್ಕೆ ಒಂದೊಂದಾಗಿ ಬಿಗಿಯುತ್ತ ಬಂದಳು. ಪ್ರತಿ ಬೋಲ್ಟಿಗೂ ಮೈಭಾರವೆಲ್ಲ ಹಾಕುತ್ತಿದ್ದಳು. ಅವಳು ಅಳುತ್ತಾಳೇನೋ ಎಂದು ನಾನು ಓರೆಗಣ್ಣಿನಲ್ಲಿ ನೋಡುತ್ತಲೇ ಇದ್ದೆ. ಅಳಲಿಲ್ಲ. ಅತ್ತಿದ್ದರೆ ನನಗೂ ಹಗುರವಾಗುತ್ತಿತ್ತು.

ಕಾರು ಸಿದ್ಧವಾಯಿತು. ಈ ಸಲ ಅಕ್ಕನೇ ಟೆನ್ಷನರು ಬಿಗಿದು, ಕೈಯಲ್ಲಿ ಎಂಜಿನ್ನು ತಿರುಗಿಸಿ, ಗುರುತು ನೋಡಿ, ಮತ್ತೊಮ್ಮೆ ತಿರುಗಿಸಿ ನೋಡಿ ಕೀ ಹಾಕಿದಳು. ಎಂಜಿನ್ನು ಒಂದೇ ಏಟಿಗೆ ಹತ್ತಿಕೊಂಡು ಮೆತ್ತಗೆ ಗುಂಯ್‌ಗುಡತೊಡಗಿತು. ಕಾರು ಒಯ್ಯಲು ಮಗಳು ಬಂದಳು. ಬೀಗದಕೈ ಗ್ಯಾರೇಜಿನ ಮೊಳೆಯಲ್ಲೇ ನೇತಾಡುತ್ತಿತ್ತು. ಅದನ್ನು ತೆಗೆದುಕೊಂಡು ಅವಳು ಮೊದಲು ಮನೆಯೊಳಗೆ ಹೋದಳು. ಕುರ್ಚಿಯಲ್ಲಿ ಮುಖ ಗಂಟಿಕ್ಕಿ ಕೂತಿದ್ದ ಅಪ್ಪನ ಕೈಗೆ ಕೊಟ್ಟು, ಅವರ ಕೈಯಿಂದಲೇ ವಾಪಸ್ ಇಸಿದುಕೊಂಡಳು. “ಥ್ಯಾಂಕ್ಸ್ ಅಪ್ಪಾ. ಎಷ್ಟು ಚೆನ್ನಾಗಿ ಆಗಿದೆ!” ಎಂದು ಗಟ್ಟಿಯಾಗಿ ಹೇಳಿದಳು. ಬಾಗಿಲು ತೆರೆದೇ ಇತ್ತು. ಅಕ್ಕ ನಲ್ಲಿಯಲ್ಲಿ ಕೈ ತೊಳೆಯುತ್ತಿದ್ದಳು. ಹೋಗುವಾಗ ಮಗಳು ಕಿಟಕಿಯಿಂದ ಕೈ ಬೀಸಿ “ಬರ್ತೀನಮ್ಮಾ” ಎಂದಳು.

ಶಟರು ಆಮೇಲೆ ಕೆಳಗಿಳಿಯಲಿಲ್ಲ. ಹಳೇ ಗಿರಾಕಿಗಳಲ್ಲಿ ಅರ್ಧಕ್ಕರ್ಧ ಜನ ಬಿಟ್ಟುಹೋದರು. ಅದೇ ಕೈ ಮಾಡಿದ ಕೆಲಸವನ್ನು ಇಷ್ಟು ದಿನ ಹಾಡಿ ಹೊಗಳಿದವರೇ, “ಹೆಂಗಸು ಬಿಗಿದ ಬ್ರೇಕು ನಂಬ್ಕೊಂಡು ಹೇಗೆ ಓಡ್ಸೋದು” ಎಂದರು. ಕೆಲವರು ಉಳಿದರು, ಕೆಲವರು ಹೊಸಬರು ಬಂದರು. ಕೆಲಸಕ್ಕೆ ಕೊರತೆಯಾಗಲಿಲ್ಲ.

ಮೇಸ್ತ್ರಿ ಗ್ಯಾರೇಜಿಗೆ ಕಾಲಿಡುವುದನ್ನೇ ಬಿಟ್ಟರು. ಮನೆಯಿಂದ ಹೊರಗೆ ಹೋಗಬೇಕಾದರೆ ಹಿತ್ತಲಿನ ಗೇಟಿನಿಂದ ಸುತ್ತಿಬಳಸಿ ಹೋಗುತ್ತಾರೆ. ಮೂಲೆಯ ಟೀ ಅಂಗಡಿಯಲ್ಲಿ ಕೂತು, “ನಾನೇ ಬಿಟ್ಟುಕೊಟ್ಟೆ. ಕಲ್ತುಕೊಳ್ಳಲಿ, ಎಷ್ಟು ದಿನ ಅಂತ ನಾನೇ ಮಾಡ್ಲಿ” ಎಂದು ಹೇಳುತ್ತಾರೆ. ಕೇಳಿದವರು ಅವರ ದೊಡ್ಡ ಮನಸ್ಸನ್ನು ಹೊಗಳುತ್ತಾರೆ. ಮನೆಯಲ್ಲಿ ಹೆಂಡತಿಯೊಂದಿಗೆ ಮಾತೆಂದರೆ ಊಟ ಆಯಿತಾ, ಆಯಿತು, ನೀರು ಬಂತಾ, ಬಂತು, ಇಷ್ಟೇ. ಅಂಗಿಯ ಗುಂಡಿ ಹಾಕಿಕೊಳ್ಳಲು ಅವರ ಬೆರಳಿಗೆ ಆಗುವುದಿಲ್ಲ. ದಿನಾ ಬೆಳಿಗ್ಗೆ ಅಕ್ಕನೇ ಹಾಕಬೇಕು. ಅವರು ಗೋಡೆಯ ಕಡೆ ನೋಡುತ್ತ ನಿಂತಿರುತ್ತಾರೆ, ಇವಳು ಗುಂಡಿ ನೋಡುತ್ತ ಹಾಕುತ್ತಾಳೆ. ಹಾಗೆಂದು ಅಕ್ಕನೇ ಹೇಳಿದಳು.

ಮಗಳು ಬರುವುದು ಕಡಿಮೆಯಾಯಿತು. ಮೊನ್ನೆ ಬಂದಿದ್ದಳು. ಕಾರು ಗ್ಯಾರೇಜಿನ ಮುಂದೆ ನಿಲ್ಲುವಾಗ ಬಾನೆಟ್ಟಿನೊಳಗಿನಿಂದ ಸಣ್ಣಗೆ ಕೀಚಲು ಸದ್ದು ಬಂತು. ನನಗೇ ಕೇಳಿಸಿತು ಅಂದಮೇಲೆ ಅಕ್ಕನಿಗೆ ಕೇಳಿಸದೆ ಇರುತ್ತದೆಯೇ? ಮಗಳು ಒಳಗೆ ಅಪ್ಪನ ಹತ್ತಿರ ಕೂತಿದ್ದು ಹೊರಡಲು ಹೊರಗೆ ಬಂದಾಗ, ಅಕ್ಕ ಸ್ಪ್ಯಾನರು ಹಿಡಿದುಕೊಂಡೇ ಕಾಯುತ್ತಿದ್ದಳು.

“ಹೊರಗಿನ ಬೆಲ್ಟು ಸಡಿಲ ಆಗಿದೆ ಕಣಮ್ಮಾ. ಬಾನೆಟ್ ಎತ್ತು, ಒಂದು ಚಣದ ಕೆಲಸ.”

ಮಗಳು ಹಿಂದಿನ ಬಾಗಿಲಿನ ಕಡೆ ನೋಡಿದಳು. ಅಲ್ಲಿ ಮೇಸ್ತ್ರಿಯ ನೆರಳು ಇತ್ತು.

“ಬೇಡ ಬಿಡಮ್ಮಾ. ನಮ್ಮನೆ ಹತ್ರ ಒಬ್ರು ಮೆಕ್ಯಾನಿಕ್ ಇದ್ದಾರೆ. ಅವರಿಗೇ ತೋರಿಸ್ತೀನಿ.”

“ಚೆನ್ನಾಗಿ ಮಾಡ್ತಾರಾ?”

“ಹೂಂ, ಪರವಾಗಿಲ್ಲ.”

“ಸರಿ” ಎಂದಳು ಅಕ್ಕ.

ಕಾರು ಕೀಚಲು ಸದ್ದು ಮಾಡುತ್ತ ಬೀದಿಯ ತಿರುವಿನವರೆಗೆ ಹೋಯಿತು. ಅಕ್ಕ ಅಷ್ಟು ಹೊತ್ತು ನಿಂತು ಕೇಳಿದಳು. ಆಮೇಲೆ ಗಾಲಿ ಹಾಕಿದ ಹಲಗೆ ಎಳೆದುಕೊಂಡು, ಯಾರದೋ ಗಾಡಿಯ ಕೆಳಗೆ ಅಂಗಾತ ಮಲಗಿ, ಒಳಕ್ಕೆ ಸರಿದಳು.